ಬೆಣಣೆ ದೋಸೆ ಮತ್ತು ಅಪ್ಪನ ತೋರುಬೆರಳು

‘ಬೆಣಣೆ ದೋಸೆ, ಓಪನ ದೋಸೆ, ಮಂಡಕಕಿ.’

ಬೈಬೇಡಿ, ಇದು ನನ್ನ ತಪ್ಪಲ್ಲ. ಹರಿಹರದ ಒಂದು ಪುಟ್ಟ ಹೋಟೆಲ್‌ನ ಗೋಡೆ ಮೇಲಿದ್ದ ರೇಟ್ ಪಟ್ಟಿಯಲ್ಲಿ ಹೀಗೇ ಇತ್ತು. ನನ್ನ ಪಿಯುಸಿ ಗೆಳತಿ ಅದರ ಫೋಟೊ ತೆಗೆದು, ನಗುವ ಎಮೋಜಿ ಸಮೇತ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ದಳು. ಬೆಂಗಳೂರಿನಲ್ಲಿ ಮೆಟ್ರೊಗೆ ಕಾಯ್ತಾ ನಿಂತಿದ್ದ ನಾನೂ ನಕ್ಕೆ. ಆಮೇಲೆ ಪಟ್ಟಿಯ ಅಂಚಿನ ಹೂವಿನ ಬಾರ್ಡರ್ ನೋಡಿದೆ. ಆ ಬಾರ್ಡರ್ ನನಗೆ ಚೆನ್ನಾಗಿ ಗೊತ್ತು. ಹದಿನೈದು ವರ್ಷದಿಂದ ಲಗ್ನಪತ್ರಿಕೆ, ಗೃಹಪ್ರವೇಶ, ಹೋಟೆಲ್ ರೇಟು ಎಲ್ಲಕ್ಕೂ ಅದೇ ಬಾರ್ಡರ್ ಹಾಕೋದು ಒಬ್ಬರೇ. ನಮ್ಮಪ್ಪ.

ಹೋದ ಸಲ ಮಿಕ್ಸಿ ಜಾರಿನ ವಾಷರ್ ಬಗ್ಗೆ ಬರೆದಿದ್ದಕ್ಕೆ ಕೆಲವರು ‘ನಮಗೆ ಆಫೀಸಿಗೆ ಬೇಕಾಗೋದು ಏನಾದ್ರೂ ಬರೀರಿ’ ಅಂದಿದ್ದೀರಿ. ಸರಿ, ಈ ಸಲ ಕೀಬೋರ್ಡ್. ಆದರೆ ಕತೆ ನಡೆದದ್ದು ಆಫೀಸಲ್ಲಲ್ಲ.

ಅಪ್ಪನದು ಟೈಪಿಂಗ್, ಜೆರಾಕ್ಸ್ ಅಂಗಡಿ. ಅರ್ಜಿ, ಕರಾರುಪತ್ರ, ಬಾಡಿಗೆ ಒಪ್ಪಂದ, ಸಂಘದ ಠರಾವು. ಹಾಕಿರುವ ಕಂಪ್ಯೂಟರ್‌ಗೆ ಹತ್ತಿರ ಹತ್ತಿರ ನನ್ನ ತಮ್ಮನ ವಯಸ್ಸು. ವಿಂಡೋಸ್ 7, ಹಿಂದುಗಡೆ ನೇರಳೆ ಬಣ್ಣದ ದುಂಡನೆ ಪಿನ್ನಿನ ಕೀಬೋರ್ಡ್, ಒಳಗೆ ನುಡಿ ತಂತ್ರಾಂಶ. ಲ್ಯಾಪ್‌ಟಾಪ್ ಕೊಡಿಸ್ತೀನಿ ಅಂತ ಮೂರು ವರ್ಷದಿಂದ ಹೇಳ್ತಿದ್ದೀನಿ. ಅವರು ಬೇಡ ಅನ್ನೋದಕ್ಕೆ ಕಾರಣವಿದೆ. ಅವರ ಸಾವಿರಾರು ನಮೂನೆಗಳೆಲ್ಲ ಹಳೇ ನುಡಿ ಫಾಂಟ್‌ನಲ್ಲಿವೆ, ಯೂನಿಕೋಡ್‌ನಲ್ಲಲ್ಲ. ಹೊಸ ಯಂತ್ರದಲ್ಲಿ ಆ ಫಾಂಟ್ ಇಲ್ಲದೆ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತೆ.

ಫೋಟೊ ನೋಡಿದ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ದನಿ ಸಣ್ಣ ಮಾಡಿಕೊಂಡು, ‘ನಿಮ್ಮಪ್ಪ ಅಂಗಡಿ ಮುಚ್ತೀನಿ ಅಂತಿದಾರೆ ಕಣೆ. ದಿನಾ ರಾತ್ರಿ ಎಡಗೈ ಬೆರಳಿಗೆ ಎಣ್ಣೆ ಹಚ್ಕೊಂಡು ತಿಕ್ತಾ ಕೂರ್ತಾರೆ. ನಿಂಗೆ ಹೇಳಬ್ಯಾಡ ಅಂದಾರೆ’ ಅಂದಳು.

ನಮ್ಮ ದೊಡ್ಡಪ್ಪನಿಗೆ ಲಕ್ವಾ ಹೊಡೆದಾಗ ಮೊದಲು ಹೋಗಿದ್ದು ಎಡಗೈ ಬೆರಳುಗಳು. ಮನೆಯಲ್ಲಿ ಅದನ್ನು ಯಾರೂ ಬಾಯಿ ಬಿಟ್ಟು ಹೇಳೋದಿಲ್ಲ, ಯಾರೂ ಮರೆತೂ ಇಲ್ಲ. ಶುಕ್ರವಾರ ರಾತ್ರಿಯ ರೈಲು ಹತ್ತಿದೆ.

ಶನಿವಾರ ಬೆಳಿಗ್ಗೆ ಅಂಗಡಿಗೆ ಹೋದಾಗ ಅಪ್ಪನ ಎದುರು ಹಳ್ಳಿಯ ಒಬ್ಬ ಅಜ್ಜಿ ಕೂತಿದ್ದರು. ಗಂಡ ತೀರಿಕೊಂಡಿದ್ದಾರೆ, ಜಮೀನಿನ ಪೌತಿ ಖಾತೆ ಬದಲಾವಣೆಗೆ ಅರ್ಜಿ. ಅಪ್ಪ ಹಿಂದಿನ ವಾರ ಟೈಪ್ ಮಾಡಿಕೊಟ್ಟ ಅರ್ಜಿ ವಾಪಸ್ ಬಂದಿತ್ತು. ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲೂ ಅದೇ ಹೆಸರು, ಅರ್ಜಿಯಲ್ಲಿ ಮಾತ್ರ ಬೇರೆ. ನೋಡಿದೆ. ಗಂಡನ ಹೆಸರಿನ ಕೊನೆಯ ‘ಅಪ್ಪ’ ಎರಡು ಕಡೆ ಸರಿಯಾಗಿತ್ತು, ಮೂರನೇ ಕಡೆ ‘ಅಪಪ’ ಆಗಿತ್ತು. ಅಜ್ಜಿ ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು ಎರಡನೇ ಸಲ ಬಂದಿದ್ದರು. ಅಪ್ಪ ದುಡ್ಡು ತಗೊಳ್ಳಲಿಲ್ಲ, ಬಸ್ಸಿಗೆ ತಾವೇ ಐವತ್ತು ರೂಪಾಯಿ ಕೊಟ್ಟು ಕಳಿಸಿದರು.

ಅಜ್ಜಿ ಹೋದ ಮೇಲೆ ಅಪ್ಪ ಅಂದಿದ್ದು ಇಷ್ಟೇ: ‘ನನ್ನ ಬೆರಳಾಗ ಶಕ್ತಿ ಉಳಿದಿಲ್ಲವ್ವ.’

ಇಲ್ಲಿ ಸ್ವಲ್ಪ ನಿಂತು, ತೊಂದರೆ ಯಾವ ಕೀಯಲ್ಲಿತ್ತು ಅಂತ ಹೇಳಬೇಕು. ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸೋ ನಮಗೆ ಇದು ಗೊತ್ತಾಗೋದೇ ಇಲ್ಲ. ನಾವು ‘ಮರ’ ಅಂತ ಬರೆಯೋಕೆ ಎಂ, ಎ, ಆರ್, ಎ ಅಂತ ನಾಲ್ಕು ಸಲ ಒತ್ತುತ್ತೀವಿ. ಅಪ್ಪ ಎರಡೇ ಸಲ: ಎಂ, ಆರ್. ನುಡಿಯಲ್ಲಿರೋದು ಮೂಲತಃ ದಕ್ಷಿಣ ಕನ್ನಡದ ಕಿನ್ನಿಕಂಬಳದ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ. ಅದನ್ನೇ ಸಣ್ಣಪುಟ್ಟ ಬದಲಾವಣೆ ಮಾಡಿ ರಾಜ್ಯ ಸರ್ಕಾರ ಒಪ್ಪಿಕೊಂಡಿತು, ಕನ್ನಡ ಗಣಕ ಪರಿಷತ್ತು ನುಡಿಯಲ್ಲಿ ತಂದಿತು. ಅದರ ಜಾಣತನ ಇರೋದೇ ಇಲ್ಲಿ. ವ್ಯಂಜನದ ಒಳಗೇ ‘ಅ’ ಇರುತ್ತೆ, ನಾವು ಒತ್ತಬೇಕಿಲ್ಲ. ಆ ‘ಅ’ ಬೇಡ ಅನ್ನಿಸಿದಾಗ ಮಾತ್ರ ಒಂದು ಕೀ ಒತ್ತಬೇಕು. ಅದು ಎಫ್.

ಪಿ ಒತ್ತಿದರೆ ಪ. ಪಿ, ಎಫ್ ಒತ್ತಿದರೆ ಪ್. ಪಿ, ಎಫ್, ಪಿ ಒತ್ತಿದರೆ ಪ್ಪ. ಅಂದರೆ ಕನ್ನಡದ ಎಲ್ಲ ಒತ್ತಕ್ಷರ, ಎಲ್ಲ ಅರ್ಧಾಕ್ಷರ ಈ ಒಂದು ಕೀ ಮೇಲೆ ನಿಂತಿವೆ. ‘ಆಧಾರ್ ಕಾರ್ಡ್’ ಅಂತ ಬರೆಯೋಕೆ ಮೂರು ಎಫ್ ಬೇಕು, ಇಲ್ಲದಿದ್ದರೆ ‘ಆಧಾರ ಕಾರಡ’. ‘ತಪ್ಪು’ ಅನ್ನೋ ಪದವೇ ತಪ್ಪಾಗಿ ‘ತಪಪು’ ಆಗುತ್ತೆ. ನಮ್ಮ ಕಡೆ ಹೆಸರುಗಳನ್ನೇ ನೋಡಿ, ಗಂಡಸರದು ಅಪ್ಪ, ಹೆಂಗಸರದು ಅಮ್ಮ, ಇಲ್ಲಾಂದ್ರೆ ಅವ್ವ. ಎಫ್ ಕೈಕೊಟ್ಟರೆ ಇಡೀ ತಾಲ್ಲೂಕಿನ ಮತದಾರರ ಪಟ್ಟಿಯೇ ಕೆಡುತ್ತೆ.

ತಮಾಷೆ ಅಂದರೆ, ‘ಹರಿಹರ’ದಲ್ಲೂ ಒತ್ತಕ್ಷರ ಇಲ್ಲ, ‘ದಾವಣಗೆರೆ’ಯಲ್ಲೂ ಇಲ್ಲ. ಹಾಗಾಗಿ ಅಪ್ಪ ಟೈಪ್ ಮಾಡಿದ ಎಲ್ಲ ಕಾಗದದ ತಲೆಭಾಗದಲ್ಲಿ ಊರಿನ ಹೆಸರು ಯಾವತ್ತೂ ಸರಿಯಾಗೇ ಇರುತ್ತಿತ್ತು. (1997ರ ಆಗಸ್ಟ್ 15ಕ್ಕೆ ದಾವಣಗೆರೆ ಹೊಸ ಜಿಲ್ಲೆ ಆಯ್ತು, ಹರಿಹರ ತಾಲ್ಲೂಕು ಚಿತ್ರದುರ್ಗ ಬಿಟ್ಟು ಇತ್ತ ಬಂತು. ‘ಚಿತ್ರದುರ್ಗ’ದಲ್ಲಿ ಎರಡು ಒತ್ತು ಇದ್ವು, ಸರ್ಕಾರ ನಂಗೆ ಎರಡು ಒತ್ತು ಉಳಿಸ್ತು ಅಂತ ಅಪ್ಪ ಈಗಲೂ ಹೇಳ್ತಾರೆ.)

‘ಕೀಬೋರ್ಡೇ ಕೆಟ್ಟಿರಬಹುದಲ್ಲ ಅಪ್ಪ?’ ಅಂದೆ.

‘ಕೀಬೋರ್ಡ್ ಕೆಟ್ರೆ ಎಲ್ಲಾ ಕೀ ಕೆಡಬೇಕಲ್ಲವ್ವ? ಬಾಕಿ ಎಲ್ಲಾ ಸರಿ ಅದಾವು. ಈ ಬೆರಳು ಒತ್ತೋದೊಂದೇ ಬರ್ತಿಲ್ಲ. ಒತ್ತಿದ್ರೆ ಒತ್ತಿದಂಗೇ ಗೊತ್ತಾಗಲ್ಲ.’

ಅವರ ತರ್ಕ ತಪ್ಪಿರಲಿಲ್ಲ. ಟೈಪಿಂಗ್ ಕಲಿತವರ ಎಡಗೈ ತೋರುಬೆರಳು ಕೂರೋ ಜಾಗವೇ ಎಫ್. ಅದಕ್ಕೇ ಆ ಕೀ ಮೇಲೆ ಒಂದು ಸಣ್ಣ ಉಬ್ಬು ಇರುತ್ತೆ, ಬಲಗೈಗೆ ಜೆ ಮೇಲೆ ಇರೋ ಹಾಗೆ. ಅಪ್ಪನ ಎಫ್ ಮೇಲೆ ಅಕ್ಷರವೂ ಇರಲಿಲ್ಲ, ಉಬ್ಬೂ ಇರಲಿಲ್ಲ. ಎರಡೂ ಸವೆದು ಕೀ ಹುಣಸೆ ಬೀಜದ ಹಾಗೆ ಹೊಳೀತಿತ್ತು.

‘ಬಲಗೈ ಬೆರಳಲ್ಲಿ ಒತ್ತಿ’ ಅಂದೆ. ಮೊದಲು ನುಡಿ ಮುಚ್ಚಿ, ಬರೀ ನೋಟ್‌ಪ್ಯಾಡ್ ತೆರೆದೆ, ತೊಂದರೆ ತಂತ್ರಾಂಶದ್ದೇನೋ ನೋಡೋಣ ಅಂತ. ಅಪ್ಪ ಬಲಗೈ ತೋರುಬೆರಳಿಂದ ಎಫ್ ಹತ್ತು ಸಲ ಒತ್ತಿದರು. ಪರದೆ ಮೇಲೆ ಬಂದಿದ್ದು ಆರು.

ನಾನು ಒತ್ತಿದೆ. ಏಳು.

ಅಪ್ಪ ಪರದೆ ನೋಡಿದರು, ನನ್ನ ಕೈ ನೋಡಿದರು. ‘ನಿಮ್ದು ಫೋನ್ ಒತ್ತೋ ಬೆರಳು, ಮೆತ್ತಗೆ ಒತ್ತೀರಿ’ ಅಂದರು. ಒಂದೂವರೆ ತಿಂಗಳು ಬೆರಳಿಗೆ ಎಣ್ಣೆ ತಿಕ್ಕಿದವರು ಅಷ್ಟು ಸುಲಭಕ್ಕೆ ಒಪ್ಪೋದಿಲ್ಲ.

ಸರಿ, ಒಂದೊಂದೇ ಬಿಡಿಸಿದೆ. ನಿಮ್ಮ ಕೀಬೋರ್ಡ್ ಹೀಗೆ ಆಟ ಆಡಿದರೆ ನೀವೂ ಇದೇ ದಾರಿ ಹಿಡೀಬಹುದು. ನುಡಿ ಇಲ್ಲದೆಯೂ ತಪ್ಪುತ್ತಿದೆ, ಹಾಗಾದರೆ ನುಡಿ ಪಾರು. ವಿಂಡೋಸ್‌ನಲ್ಲಿ ಫಿಲ್ಟರ್ ಕೀಸ್ ಅಂತ ಒಂದಿದೆ, ಬಲಗಡೆಯ ಶಿಫ್ಟ್ ಎಂಟು ಸೆಕೆಂಡ್ ಒತ್ತಿ ಹಿಡಿದರೆ ತಾನೇ ಶುರುವಾಗೋಕೆ ನೋಡುತ್ತೆ. ಕೈ ನಡುಗುವವರಿಗೆ ಅನುಕೂಲ ಆಗಲಿ ಅಂತ ಚುರುಕಾಗಿ ಒತ್ತಿದ್ದನ್ನು ಲೆಕ್ಕಕ್ಕೆ ತಗೊಳ್ಳೋದಿಲ್ಲ. ಅರ್ಧ ಕೀಬೋರ್ಡ್ ರಿಪೇರಿಗಳು ಇದನ್ನು ಆಫ್ ಮಾಡಿದರೆ ಮುಗಿದುಹೋಗ್ತವೆ ಅಂತ ನನ್ನ ಅಂದಾಜು. ಆದರೆ ಅದು ಆನ್ ಆಗಿದ್ದರೆ ಎಲ್ಲ ಕೀಗೂ ಅದೇ ಗತಿ ಆಗಬೇಕಿತ್ತು, ಎಫ್ ಒಂದಕ್ಕೇ ಅಲ್ಲ. ಅದೂ ಪಾರು. ಆಮೇಲೆ ಕಂಪ್ಯೂಟರ್ ಪೂರ್ತಿ ಆಫ್ ಮಾಡಿ ಹಿಂದಿನ ಪಿನ್ ಬಿಚ್ಚಿ ಮತ್ತೆ ಸಿಕ್ಕಿಸಿದೆ. ಈ ದುಂಡನೆ ಪಿನ್ನಿನ ಹಳೇ ಕೀಬೋರ್ಡ್‌ಗಳನ್ನು ಕಂಪ್ಯೂಟರ್ ಓಡುತ್ತಿರುವಾಗ ಕೀಳೋದು, ಸಿಕ್ಕಿಸೋದು ಮಾಡಬಾರದು, ಯುಎಸ್‌ಬಿ ಅಲ್ಲ ಅವು. ಸಿಕ್ಕಿಸದೆ ಆನ್ ಮಾಡಿದರೆ ಕೆಲವು ಹಳೇ ಯಂತ್ರಗಳು ‘ಕೀಬೋರ್ಡ್ ಇಲ್ಲ, ಮುಂದುವರಿಯಲು ಎಫ್1 ಒತ್ತಿ’ ಅಂತ ಹೇಳ್ತವೆ. ಯಾವುದರಿಂದ ಒತ್ತೋದು ಅಂತ ಕೇಳಬೇಡಿ.

ಮತ್ತೆ ಅಷ್ಟೇ, ಹತ್ತಕ್ಕೆ ಏಳು.

ಉಳಿದಿದ್ದು ಒಂದೇ ದಾರಿ, ಇದೇ ಕೀಬೋರ್ಡನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ ನೋಡೋದು. ಬಟ್ಟೆ ಚೀಲದಲ್ಲಿ ಹಾಕಿಕೊಂಡು ದಾವಣಗೆರೆ ಬಸ್ ಹತ್ತಿದೆ. ಹದಿನಾಲ್ಕು ಕಿಲೋಮೀಟರ್ ಅಷ್ಟೇ. ಪಿ.ಬಿ. ರಸ್ತೆಯಿಂದ ಒಳಗಿನ ಒಂದು ಗಲ್ಲಿಯಲ್ಲಿ, ನಾನು ಕಾಲೇಜಿಗೆ ಹೋಗುವಾಗಿನ ಕಾಲದ ರಿಪೇರಿ ಅಂಗಡಿ ಇನ್ನೂ ಇತ್ತು. ಮೂರು ಕಡೆ ಕೇಳಿದ ಮೇಲೆ ಸಿಕ್ಕಿದ್ದು ಅದೊಂದೇ, ದುಂಡನೆ ಪಿನ್ನಿನ ಸಾಕೆಟ್ ಇರೋ ಕಂಪ್ಯೂಟರ್ ಇಟ್ಟುಕೊಂಡಿದ್ದು. ಬೇರೆಯವರು ಬೆರಳುದ್ದದ ಒಂದು ಅಡಾಪ್ಟರ್ ತೋರಿಸಿದರು. ಅದನ್ನು ನಂಬಬೇಡಿ, ಎರಡೂ ಬಗೆಗೆ ಒಗ್ಗೋ ಹಾಗೆ ಮಾಡಿದ ಕೀಬೋರ್ಡ್‌ಗಳಿಗಷ್ಟೇ ಅದು ನಡೆಯೋದು.

ಅಣ್ಣ ಸಿಕ್ಕಿಸಿದರು, ಹತ್ತು ಸಲ ಒತ್ತಿದರು. ಆರು. ಅಪ್ಪನ ಕಂಪ್ಯೂಟರೂ ಪಾರು.

‘ಹೊಸದು ತಗೊಳ್ರಿ ಮೇಡಂ, ನಾನೂರೈವತ್ತು. ಇದಕ್ಕೆ ಟೈಮ್ ಯಾಕೆ ಹಾಕ್ತೀರಿ’ ಅಂದರು. ಮಾತು ಸರಿ. ನಿಮಗೂ ನಾನು ಅದನ್ನೇ ಹೇಳೋದು. ಸಾಮಾನ್ಯ ಕೀಬೋರ್ಡ್ ಬಿಚ್ಚಿ ರಿಪೇರಿ ಮಾಡಿಸೋದರಲ್ಲಿ ಲೆಕ್ಕಾಚಾರವಿಲ್ಲ. ಆದರೆ ಅಪ್ಪನಿಗೆ ನಾನು ಹೊಸ ಕೀಬೋರ್ಡ್ ತಂದುಕೊಟ್ಟು ಅದು ಸರಿಯಾಗಿ ನಡೆದರೆ ಅವರೇನು ಅನ್ನುತ್ತಾರೆ ಅಂತ ಗೊತ್ತಿತ್ತು: ‘ಹೊಸದು ಮೆತ್ತಗೈತಿ, ಅದಕ್ಕೆ ಬರ್ತೈತಿ.’ ನನಗೆ ಬೇಕಾಗಿದ್ದು ಕೆಟ್ಟಿರೋ ವಸ್ತು, ಕಣ್ಣಿಗೆ ಕಾಣೋ ಹಾಗೆ. ‘ಬಿಚ್ಚಿ ತೋರ್ಸಿ ಅಣ್ಣ, ನೂರು ರೂಪಾಯಿ ಕೊಡ್ತೀನಿ’ ಅಂದೆ.

ಬಿಚ್ಚೋ ಮೊದಲು ಅವರು ಫೋನಲ್ಲಿ ಫೋಟೊ ತೆಗೆದುಕೊಂಡರು, ಯಾವ ಕೀ ಎಲ್ಲಿತ್ತು ಅಂತ. ಹಿಂದಿನ ಸ್ಕ್ರೂಗಳು, ಒಂದು ಸ್ಟಿಕರ್ ಅಡಿಯಲ್ಲಿ ಅಡಗಿತ್ತು. ಮೇಲಿನ ಭಾಗ ಎತ್ತಿದರೆ, ಅಯ್ಯೋ! ಶೇಂಗಾ ಸಿಪ್ಪೆ, ಮಂಡಕ್ಕಿ, ಹತ್ತಾರು ಆಯುಧಪೂಜೆಯ ವಿಭೂತಿ, ಕುಂಕುಮ, ಒಣಗಿದ ಚೆಂಡುಹೂವಿನ ಎಸಳು. ‘ಇವೆಲ್ಲ ಏನೂ ಮಾಡಲ್ಲ ಮೇಡಂ, ನೀರು ಬಿದ್ರೆ ಮಾತ್ರ ಕಷ್ಟ’ ಅಂದರು ಅಣ್ಣ.

ಒಳಗೆ ಏನಿರುತ್ತೆ ಗೊತ್ತಾ? ಮೂರು ಪದರ ಪ್ಲಾಸ್ಟಿಕ್ ಹಾಳೆ. ಮೇಲಿನದರಲ್ಲೂ ಕೆಳಗಿನದರಲ್ಲೂ ಕರೆಂಟ್ ಹರಿಯೋ ಶಾಯಿಯ ಗೆರೆಗಳು, ನಡುವಿನ ಹಾಳೆಯಲ್ಲಿ ಪ್ರತಿ ಕೀಗೂ ಒಂದು ತೂತು. ಮೇಲೆ ಪ್ರತಿ ಕೀ ಕೆಳಗೊಂದು ರಬ್ಬರ್ ಟೋಪಿ. ಕೀ ಒತ್ತಿದರೆ ಟೋಪಿ ಕುಸಿದು, ತೂತಿನ ಮೂಲಕ ಮೇಲಿನ ಗೆರೆ ಕೆಳಗಿನ ಗೆರೆಗೆ ತಾಗುತ್ತೆ. ಬೆರಳು ತೆಗೆದರೆ ಟೋಪಿ ಪುಟಿದು ಕೀಯನ್ನು ಮೇಲೆತ್ತುತ್ತೆ. 104 ಕೀಗೆ 104 ತಂತಿ ಇರೋದಿಲ್ಲ. ಪಿ.ಜೆ. ಬಡಾವಣೆಯ ವಿಳಾಸದ ಹಾಗೆ, ಇಷ್ಟನೇ ಮೇನ್, ಇಷ್ಟನೇ ಕ್ರಾಸ್. ಎಂಟು ಅಡ್ಡಗೆರೆ, ಹದಿನೆಂಟು ಉದ್ದಗೆರೆ ಇದ್ದರೆ 144 ಮನೆಗಳ ವಿಳಾಸ ಸಿಕ್ಕಿತು. ಒಂದು ಗೆರೆ ಕಿತ್ತರೆ ಆ ರಸ್ತೆಯ ಮನೆಗಳೆಲ್ಲ ಒಟ್ಟಿಗೆ ಹೋಗ್ತವೆ, ಒಬ್ಬರ ಮನೆ ಬಾಗಿಲು ಕೆಟ್ಟರೆ ಆ ಮನೆ ಒಂದೇ. ನಿಮ್ಮ ಕೀಬೋರ್ಡ್‌ನಲ್ಲಿ ಸಂಬಂಧವೇ ಇಲ್ಲದ ಐದಾರು ಕೀ ಒಮ್ಮೆಲೇ ಸತ್ತರೆ ಗೆರೆ ಕಿತ್ತಿದೆ ಅಂತ ಲೆಕ್ಕ, ಹೊಸದು ತಗೊಳ್ಳಿ. ಒಂದೇ ಕೀ ಆದರೆ ಅದರ ಕೆಳಗೇ ನೋಡಿ.

ಅಣ್ಣ ಎಫ್ ಕೆಳಗಿನ ಟೋಪಿಯನ್ನು ಚಿಮಟದಲ್ಲಿ ಎತ್ತಿ ನನ್ನ ಅಂಗೈ ಮೇಲೆ ಇಟ್ಟರು. ಒಂದು ಪಕ್ಕ ಸೀಳಿತ್ತು. ಒತ್ತಿದರೆ ಓರೆಯಾಗಿ ಕುಸಿದು ಹಾಗೇ ಕೂರುತ್ತಿತ್ತು, ಪುಟಿಯುತ್ತಿರಲಿಲ್ಲ. ಪಕ್ಕದ ಕೀಯ ಟೋಪಿ ಒತ್ತಿ ನೋಡಿದೆ, ಟಕ್ ಅಂತ ಬೆರಳನ್ನು ವಾಪಸ್ ತಳ್ಳಿತು.

‘ಒತ್ತಿದ್ರೆ ಒತ್ತಿದಂಗೇ ಗೊತ್ತಾಗಲ್ಲ’ ಅಂದಿದ್ದರಲ್ಲ ಅಪ್ಪ. ಅವರ ಬೆರಳಿಗೆ ಸ್ಪರ್ಶ ಹೋಗಿರಲಿಲ್ಲ. ಈ ಕಡೆಯಿಂದ ಉತ್ತರ ಬರ್ತಿರಲಿಲ್ಲ ಅಷ್ಟೇ.

‘ಇಂಗ್ಲಿಷ್ ಟೈಪ್ ಮಾಡೋರಿಗೆ ಎಫ್ ಇಷ್ಟು ಬೇಗ ಹೋಗಲ್ಲ. ನುಡಿ ಮಾಡೋರದ್ದೇ ಹಿಂಗೆ ಬರ್ತವೆ’ ಅಂದರು ಅಣ್ಣ. ಆಮೇಲೆ ಅವರು ಮಾಡಿದ್ದನ್ನು ನಾನಂತೂ ಮರೆಯೋದಿಲ್ಲ. ಬಲಮೇಲ್ಗಡೆಯ ಸ್ಕ್ರಾಲ್ ಲಾಕ್ ಕೀಯ ಟೋಪಿ ತೆಗೆದು ಎಫ್ ಕೆಳಗೆ ಕೂರಿಸಿದರು. ಹೊಚ್ಚ ಹೊಸದರ ಹಾಗೇ ಇತ್ತು ಅದು, ಯಾರೂ ಒಮ್ಮೆಯೂ ಒತ್ತದ ಕೀ ಅಲ್ಲವಾ. ಸೀಳಿದ್ದನ್ನು ಸ್ಕ್ರಾಲ್ ಲಾಕ್‌ಗೆ ಹಾಕಿದರು. (ಎಲ್ಲ ಕೀಬೋರ್ಡ್‌ನಲ್ಲೂ ಹೀಗೆ ಆಗೋದಿಲ್ಲ, ಬಹಳಷ್ಟರಲ್ಲಿ ಟೋಪಿಗಳೆಲ್ಲ ಸೇರಿ ಒಂದೇ ಹಾಳೆ ಆಗಿರ್ತವೆ. ಲ್ಯಾಪ್‌ಟಾಪ್‌ನಲ್ಲಿ ನೀವಾಗಿ ಕೀ ಕೀಳೋಕೆ ಹೋಗಲೇಬೇಡಿ, ಕೆಳಗಿನ ಕತ್ತರಿಯಂಥ ಕ್ಲಿಪ್ ಮುರಿದರೆ ಮುಗೀತು. ಒರೆಸೋದಾದರೆ ಐಸೋಪ್ರೊಪೈಲ್ ಆಲ್ಕೋಹಾಲ್, ಕಿವಿಗೆ ಹಾಕೋ ಹತ್ತಿಕಡ್ಡಿ. ಥಿನ್ನರ್ ಬೇಡ, ಅಕ್ಷರದ ಜೊತೆ ಕೀಯೂ ಕರಗುತ್ತೆ.)

ಹತ್ತಕ್ಕೆ ಹತ್ತು. ಕೈಯಲ್ಲಿರಲಿ ಅಂತ ಒಂದು ಹೊಸ ಯುಎಸ್‌ಬಿ ಕೀಬೋರ್ಡೂ ತಗೊಂಡೆ. ಸೀಳಿದ ಟೋಪಿಯ ಫೋಟೊ ಆಗಲೇ ತೆಗೆದಿಟ್ಟುಕೊಂಡಿದ್ದೆ.

ಅಪ್ಪ ಫೋಟೊ ನೋಡಿ ಏನೂ ಅನ್ನಲಿಲ್ಲ. ಕೂತರು, ನುಡಿ ತೆರೆದರು, ಎಡಗೈ ಬೆರಳಲ್ಲಿ ಎಫ್ ಮೇಲೆ ಎರಡು ಸಲ ಸುಮ್ಮನೆ ಒತ್ತಿ ಬಿಟ್ಟರು. ಆಮೇಲೆ ಅಜ್ಜಿಯ ಅರ್ಜಿ ಪೂರ್ತಿ ಹೊಸದಾಗಿ ಟೈಪ್ ಮಾಡಿದರು, ನೋಡದೆ, ಹಳೇ ವೇಗದಲ್ಲಿ. ಅಂಗಡಿ ತುಂಬ ಕೀ ಸದ್ದು. ಅಮ್ಮ ಟೀ ತಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

ಅಲ್ಲಿಗೆ ಮುಗೀತು ಅಂದುಕೊಂಡಿದ್ದೆ. ರಾತ್ರಿ ಊಟ ಮಾಡ್ತಾ ಒಂದು ವಿಷಯ ಕೊರೆಯೋಕೆ ಶುರುವಾಯ್ತು. ಕೀ ತಪ್ಪಿದ್ದು ಸರಿ. ಆದರೆ ಅಪ್ಪ ಪ್ರಿಂಟ್ ತೆಗೆಯೋ ಮೊದಲು ಎರಡು ಸಲ ಓದೋ ಮನುಷ್ಯ. ಲಗ್ನಪತ್ರಿಕೆಯಲ್ಲಿ ಒಂದು ಕೊಂಬು ಹೆಚ್ಚಾದರೂ ದೂರದಿಂದಲೇ ಹಿಡೀತಿದ್ದರು. ‘ಬೆಣಣೆ’ ಕಣ್ಣಿಗೆ ಬೀಳಲಿಲ್ಲ ಯಾಕೆ? ತಮ್ಮ ಬೆರಳು ತಪ್ಪುತ್ತಿದೆ ಅಂತ ಗೊತ್ತಿದ್ದೂ?

ವಾಪಸ್ ಬಂದಿದ್ದ ಅಜ್ಜಿಯ ಹಳೇ ಅರ್ಜಿ ತೆಗೆದುಕೊಟ್ಟು, ‘ತಪ್ಪು ಎಲ್ಲಿದೆ ತೋರ್ಸಿ ಅಪ್ಪ’ ಅಂದೆ. ಕನ್ನಡಕ ಏರಿಸಿದರು, ಇಳಿಸಿದರು. ಕಾಗದವನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದರು. ಮೂರು ಹೆಸರಿನಲ್ಲಿ ಯಾವುದು ತಪ್ಪು ಅಂತ ಹೇಳೋಕೆ ಆಗಲಿಲ್ಲ. ಒತ್ತಕ್ಷರ ಸಾಲಿನ ಕೆಳಗೆ ಸಣ್ಣದಾಗಿ ಕೂರುತ್ತಲ್ಲ, ಅವರಿಗೆ ಅಲ್ಲೆಲ್ಲ ಬರೀ ಮಸುಕು. ‘ಲೈಟ್ ಕಮ್ಮಿ ಐತಿ’ ಅಂದರು. ಕಮ್ಮಿ ಇರಲಿಲ್ಲ.

ಸೋಮವಾರ ರಜೆ ಹಾಕಿ ದಾವಣಗೆರೆಗೆ ಕರಕೊಂಡು ಹೋದೆ. ಮೊದಲು ಫಿಸಿಷಿಯನ್. ಬೆರಳು, ಕೈ, ಬಿಪಿ ಎಲ್ಲ ನೋಡಿ ನರದ ತೊಂದರೆ ಏನೂ ಕಾಣ್ತಿಲ್ಲ ಅಂದರು. ಅಲ್ಲಿಂದ ಕಣ್ಣಿನ ಡಾಕ್ಟರ್. ಎರಡೂ ಕಣ್ಣಲ್ಲಿ ಪೊರೆ, ಬಲಗಣ್ಣಿನದು ಬಲಿತಿದೆ. ದೀಪಾವಳಿ ಆದ ಮೇಲೆ ಬಲಗಣ್ಣಿಗೆ ಆಪರೇಷನ್ ಅಂತ ದಿನ ಗೊತ್ತು ಮಾಡಿಕೊಂಡು ಬಂದಿದ್ದೀವಿ. ಹೊರಗೆ ಬಂದ ಮೇಲೆ ಅಪ್ಪ, ‘ಪೊರೆ ಅಷ್ಟೇನಾ?’ ಅಂತ ಎರಡು ಸಲ ಕೇಳಿದರು. ಒಂದು ಬೆಣ್ಣೆ ದೋಸೆ ತಿಂದು ಇನ್ನೊಂದು ಹೇಳಿದರು.

ಅಲ್ಲಿವರೆಗೆ ಪ್ರೂಫ್ ನೋಡೋ ಕೆಲಸ ನನ್ನದು. ಅಪ್ಪ ಪ್ರಿಂಟ್ ಮೊದಲು ಪರದೆಯ ಫೋಟೊ ತೆಗೆದು ವಾಟ್ಸಾಪ್ ಮಾಡ್ತಾರೆ, ಮೀಟಿಂಗ್ ನಡುವೆಯೇ ಯಾರದೋ ಬಾಡಿಗೆ ಕರಾರು ಓದಿ ‘ಸರಿ’ ಅಂತ ಕಳಿಸ್ತೀನಿ. ಅಜ್ಜಿಯ ಅರ್ಜಿ ಈ ಸಲ ವಾಪಸ್ ಬಂದಿಲ್ಲ. ಹೋಟೆಲ್‌ಗೆ ಹೊಸ ರೇಟ್ ಪಟ್ಟಿ ದುಡ್ಡಿಲ್ಲದೆ ಮಾಡಿಕೊಟ್ಟಿದ್ದಾರೆ.

ಹೊಸ ಕೀಬೋರ್ಡ್ ಡಬ್ಬದಲ್ಲೇ ಇದೆ. ಹಳೆಯದರಲ್ಲಿ ಸ್ಕ್ರಾಲ್ ಲಾಕ್ ಕೀ ಒಂದು ಪಕ್ಕಕ್ಕೆ ವಾಲಿಕೊಂಡಿದೆ. ಮೊನ್ನೆ ಅಪ್ಪ ಫೋನ್ ಮಾಡಿ ಕೇಳಿದರು: ‘ಆ ಕೀ ಏನಕ್ಕೆ ಇಟ್ಟಿದ್ರವ್ವ ಅವರು?’ ಎಕ್ಸೆಲ್‌ನಲ್ಲಿ ಬಾಣದ ಕೀ ಒತ್ತಿದಾಗ ಹಾಳೆಯೇ ಸರಿಯೋ ಹಾಗೆ ಮಾಡುತ್ತೆ ಅಂತ ವಿವರಿಸಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, ‘ಹಂಗಾದ್ರೆ ಬ್ಯಾಡ ಬಿಡು’ ಅಂದರು.